ಪಾತ್ರೆ ತೊಳೆಯುವವರು ಯಾರು?

ಹೋದ ತಿಂಗಳು ಒಂದು ಭಾನುವಾರ ನಮ್ಮ ಮನೆಯಲ್ಲಿ ಇವರು ಕಡಾಯಿ ಪನೀರ್ ಮಾಡಿದರು. ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ, ನಾನೇ ಎರಡು ಸಲ ಬಡಿಸಿಕೊಂಡು ತಿಂದೆ. ಬೆಂಗಳೂರಿನಿಂದ ಬಂದಿದ್ದ ಮಗಳು "ಅಪ್ಪಾ, ನೀವು ಹೋಟೆಲ್ ಇಡಬಹುದು" ಎಂದಳು. ಪಕ್ಕದ ಮನೆಗೆ ಒಂದು ಬಟ್ಟಲು ಹೋಯಿತು. ಬಟ್ಟಲು ವಾಪಸು ಬರುವಾಗ "ಸಾರ್ ಕೈಯಲ್ಲಿ ಇಷ್ಟು ರುಚಿ ಇದೆ ಅಂತ ಗೊತ್ತೇ ಇರಲಿಲ್ಲ" ಎಂಬ ಪ್ರಶಸ್ತಿಪತ್ರವೂ ಜೊತೆಗೆ ಬಂತು. ಮೂವತ್ತೆರಡು ವರ್ಷಗಳಿಂದ ಅದೇ ಒಲೆಯ ಮುಂದೆ ದಿನಕ್ಕೆರಡು ಹೊತ್ತು ನಿಂತಿರುವ ನನ್ನ ಕೈಯ ಬಗ್ಗೆ ಪಕ್ಕದ ಮನೆಯವರು ಇದುವರೆಗೆ ಹೇಳಿರುವುದು ಒಂದೇ ಮಾತು: "ನಿಮ್ಮ ಮನೆ ಬಸ್ಸಾರಿಗೆ ಇವತ್ತು ಉಪ್ಪು ಕಮ್ಮಿಯಾಗಿತ್ತಲ್ಲ?"

ಊಟವಾಯಿತು. ಇವರು ಕೈ ತೊಳೆದುಕೊಂಡು ಹೋಗಿ ಗೆದ್ದ ಸೇನಾಪತಿಯ ಹಾಗೆ ದಿವಾನದ ಮೇಲೆ ಒರಗಿದರು. ನಾನು ಅಡುಗೆಮನೆಗೆ ಹೋಗಿ ಎಣಿಸಿದೆ. ಬಾಣಲೆ ಎರಡು, ಕುಕ್ಕರ್ ಒಂದು, ಮಿಕ್ಸಿ ಜಾರು ಎರಡು, ಜರಡಿ ಒಂದು, ಸೌಟು ನಾಲ್ಕು, ಪುಟ್ಟ ಗಾಜಿನ ಬಟ್ಟಲು ಹನ್ನೊಂದು. ಹನ್ನೊಂದು! ಒಂದರಲ್ಲಿ ಕಾಲು ಚಮಚ ಅರಿಸಿನ ಇದ್ದ ಗುರುತು, ಇನ್ನೊಂದರಲ್ಲಿ ನಾಲ್ಕೇ ನಾಲ್ಕು ಕೊತ್ತಂಬರಿ ಎಲೆ. "ಅರಿಸಿನಕ್ಕೂ ಒಂದು ಬಟ್ಟಲು ಬೇಕೇನ್ರೀ? ಡಬ್ಬಿಯಿಂದ ನೇರವಾಗಿ ಹಾಕಿದ್ದರೆ ಆಗುತ್ತಿರಲಿಲ್ಲವೇ?" ಎಂದು ಕೇಳಿದೆ. "ಟಿ.ವಿ.ಯಲ್ಲಿ ಹಾಗೇ ಇಟ್ಟುಕೊಳ್ಳುತ್ತಾರಲ್ಲೇ" ಎಂದರು. ಆ ಮಾತು ಕೇಳಿದ ಮೇಲೆ ಈ ಲೇಖನ ಬರೆಯಲೇಬೇಕೆನ್ನಿಸಿತು.

ನಾನು ಟಿ.ವಿ. ಅಡುಗೆಯ ವೈರಿಯೇನೂ ಅಲ್ಲ. 1993ರಲ್ಲಿ ಮದುವೆಯಾಗಿ ತಿಪಟೂರಿಗೆ ಬಂದಾಗ ಬೀದಿಗೆ ಕೇಬಲ್ ಬಂದು ಹೆಚ್ಚು ದಿನವಾಗಿರಲಿಲ್ಲ. ಜೀ ಟಿ.ವಿ.ಯಲ್ಲಿ 'ಖಾನಾ ಖಜಾನಾ' ಶುರುವಾದದ್ದು ಅದೇ ವರ್ಷ. ಸಂಜೀವ್ ಕಪೂರ್ ಎಂಬ ನಗುಮುಖದ ಹುಡುಗ ಬಿಳಿ ಕೋಟು ಹಾಕಿಕೊಂಡು ಬರುತ್ತಿದ್ದ. (ಹುಡುಗ ಎಂದದ್ದಕ್ಕೆ ಕ್ಷಮೆಯಿರಲಿ, ಅವರು ನನಗಿಂತ ದೊಡ್ಡವರೇ ಇರಬೇಕು.) ನನ್ನ ಹಿಂದಿ, ಪ್ರಚಾರ ಸಭೆಯ ಪರೀಕ್ಷೆ ಬರೆದು ಕಲಿತ ಹಿಂದಿ. ಪ್ರೇಮಚಂದರ ಕತೆ ಅರ್ಥವಾಗುತ್ತಿತ್ತು, ಜೀರಿಗೆಗೆ ಏನನ್ನುತ್ತಾರೆ ಎಂಬುದು ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ಸಂಜೀವ್ ಕಪೂರ್. ಅತ್ತೆ ಪಕ್ಕದಲ್ಲಿ ಕೂತು "ಏನಂತೆ? ಏನು ಹಾಕಿದ?" ಎಂದು ಕೇಳುತ್ತಿದ್ದರು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅತ್ತೆಯೂ ನಾನೂ ಜಗಳವಿಲ್ಲದೆ ಒಂದೇ ಚಾಪೆಯ ಮೇಲೆ ಅರ್ಧ ಗಂಟೆ ಕೂರಲು ಸಾಧ್ಯವಾದದ್ದು ಆ ಕಾರ್ಯಕ್ರಮದಿಂದ. ಆ ಪುಣ್ಯ ಅವರಿಗೆ ಸಲ್ಲಬೇಕು. ಅವರು ಹೇಳುತ್ತಿದ್ದ ಫ್ರೆಶ್ ಕ್ರೀಮ್ ಆಗ ನಮ್ಮೂರಿನ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಹಾಲಿನ ಕೆನೆ ಕಡೆದು ಹಾಕುತ್ತಿದ್ದೆ. ಗೋಡಂಬಿ ದುಬಾರಿ, ತಿಪಟೂರಿನಲ್ಲಿ ಕಾಯಿಗೇನು ಬರ. ಗೋಡಂಬಿ ಅರೆದು ಹಾಕಬೇಕಾದಲ್ಲೆಲ್ಲ ಕಾಯಿ ಅರೆದು ಹಾಕಿದೆ. ಪಂಜಾಬದ ಪದಾರ್ಥಗಳೆಲ್ಲ ನಮ್ಮನೆಗೆ ಬಂದು ಕೂಟಿನ ರೂಪ ತಾಳಿದವು.

ಅವರು ಕೂಗಾಡುತ್ತಿರಲಿಲ್ಲ, ಯಾರನ್ನೂ ಹೀಯಾಳಿಸುತ್ತಿರಲಿಲ್ಲ. 2011ರಲ್ಲಿ ಅಡುಗೆಗೇ ಮೀಸಲಾದ ಚಾನೆಲ್ ಮಾಡಿದರು, 'ದಿ ಯೆಲ್ಲೋ ಚಿಲ್ಲಿ' ಎಂಬ ಹೋಟೆಲುಗಳನ್ನು ಊರೂರಿಗೆ ಹಬ್ಬಿಸಿದರು, 2017ರಲ್ಲಿ ಪದ್ಮಶ್ರೀ ಬಂತು. ಬರಲಿ, ಸಂತೋಷ. ನನ್ನ ತಕರಾರು ಅವರ ಮೇಲಲ್ಲ, ಅವರ ಮುಂದಿದ್ದ ಆ ಗಾಜಿನ ಬಟ್ಟಲುಗಳ ಮೇಲೆ. ಈರುಳ್ಳಿ ಹೆಚ್ಚಿ ಇಟ್ಟಿದೆ. ಬೆಳ್ಳುಳ್ಳಿ ಸುಲಿದು ಜಜ್ಜಿ ಇಟ್ಟಿದೆ. ಟೊಮೆಟೊ ಬೇಯಿಸಿ ಸಿಪ್ಪೆ ತೆಗೆದಾಗಿದೆ. ಕಡಲೆಕಾಳು ರಾತ್ರಿಯೇ ನೆನೆಹಾಕಿದೆ. ಹೆಚ್ಚಿದವರು ಯಾರು, ಸುಲಿದವರು ಯಾರು, ರಾತ್ರಿ ಮಲಗುವ ಮುಂಚೆ ಕಾಳು ನೆನೆಹಾಕಬೇಕೆಂದು ನೆನಪಿಟ್ಟುಕೊಂಡವರು ಯಾರು? ಪರದೆಯ ಮೇಲೆ ಅವರು ಯಾರೂ ಇಲ್ಲ. ಕೊನೆಗೆ ತಟ್ಟೆಯಲ್ಲಿ ಹೊಗೆಯಾಡುವ ಅಡುಗೆ, ನಮಸ್ಕಾರ, ಜಾಹೀರಾತು. ಒಲೆ ಒರೆಸುವುದಿಲ್ಲ, ಬಾಣಲೆಯ ತಳ ಉಜ್ಜುವುದಿಲ್ಲ. ಮೂವತ್ತು ವರ್ಷಗಳಿಂದ ನೋಡುತ್ತಿದ್ದೇನೆ, ಯಾವ ಭಾಷೆಯ ಯಾವ ಅಡುಗೆ ಕಾರ್ಯಕ್ರಮದಲ್ಲೂ ಅಡುಗೆ ಮಾಡಿದಾತ ಪಾತ್ರೆ ತೊಳೆದದ್ದನ್ನು ನಾನು ಕಂಡಿಲ್ಲ. ನಮ್ಮ ಕನ್ನಡದ 'ಒಗ್ಗರಣೆ ಡಬ್ಬಿ'ಯ ಮುರಳಿಯವರಾಗಲಿ, 'ಬೊಂಬಾಟ್ ಭೋಜನ'ದ ಸಿಹಿಕಹಿ ಚಂದ್ರು ಅವರಾಗಲಿ ಇದಕ್ಕೆ ಹೊರತಲ್ಲ. ಇಬ್ಬರೂ ನನಗೆ ಇಷ್ಟ, ಮನೆಯವರ ಹಾಗೆ ಮಾತಾಡುತ್ತಾರೆ. ಆದರೆ ಮನೆಯವರ ಹಾಗೆ ಸಿಂಕಿನ ಮುಂದೆ ನಿಲ್ಲುವುದಿಲ್ಲ.

ಅಡುಗೆಯೆಂದರೆ ಏನು ಎಂದು ಯಾವ ಗೃಹಿಣಿಯನ್ನು ಬೇಕಾದರೂ ಕೇಳಿ. ಬೇಯಿಸುವುದು ಅದರಲ್ಲಿ ಮೂರನೆಯ ಒಂದು ಪಾಲು. ಅದಕ್ಕೆ ಮುಂಚಿನದೊಂದು ಪಾಲು, ಆಮೇಲಿನದೊಂದು ಪಾಲು. ಟಿ.ವಿ.ಯವರು ಮಧ್ಯದ ಪಾಲನ್ನು ಕತ್ತರಿಸಿ ತೆಗೆದು, ಅದಕ್ಕೆ ಬಿಳಿ ಕೋಟು ತೊಡಿಸಿ, 'ಇದೇ ಅಡುಗೆ' ಎಂದು ನಂಬಿಸಿಬಿಟ್ಟರು. ಮೊದಲಿನದು ಮತ್ತು ಕೊನೆಯದು ಹೆಂಗಸರ ಕೆಲಸವಾಗಿಯೇ ಉಳಿಯಿತು. ನಡುವಿನದು ಕಲೆಯಾಯಿತು.

ಇದು ಟಿ.ವಿ.ಯಿಂದ ಶುರುವಾದದ್ದೂ ಅಲ್ಲ. ನಾವು ನಳಪಾಕ ಎನ್ನುತ್ತೇವೆ, ಭೀಮಪಾಕ ಎನ್ನುತ್ತೇವೆ. ದಮಯಂತಿ ಪಾಕ ಎಂದವರುಂಟೇ? ಕನ್ನಡದಲ್ಲಿ ಅಡುಗೆಯ ಬಗ್ಗೆ ಬರೆದವರು ಯಾರೆಂದರೆ, ಸಾವಿರ ವರ್ಷದ ಹಿಂದೆ 'ಲೋಕೋಪಕಾರ' ಬರೆದ ಚಾವುಂಡರಾಯ, ಹದಿನಾರನೆಯ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ' ಬರೆದ ಮೂರನೆಯ ಮಂಗರಸ. ಇಬ್ಬರ ಮನೆಯಲ್ಲೂ ಅಡುಗೆ ಮಾಡಿದವರ ಹೆಸರು ನಮಗೆ ಗೊತ್ತಿಲ್ಲ. ದ್ರೌಪದಿಗೆ ಅಕ್ಷಯ ಪಾತ್ರೆ ಸಿಕ್ಕಿತು. ಆದರೆ ನಿಯಮ ನೋಡಿ: ಅವಳು ಉಣ್ಣುವತನಕ ಮಾತ್ರ ಅದರಲ್ಲಿ ಅನ್ನ ಬರುತ್ತದೆ, ಎಂದಮೇಲೆ ಅವಳು ಎಲ್ಲರ ನಂತರವೇ ಉಣ್ಣಬೇಕು. ದೂರ್ವಾಸರು ಶಿಷ್ಯರ ದಂಡು ಕಟ್ಟಿಕೊಂಡು ಬಂದಾಗ ಅವಳ ಊಟವಾಗಿ ಪಾತ್ರೆ ತೊಳೆದಿಟ್ಟಾಗಿತ್ತು. ಆಗ ಕೃಷ್ಣ ಬಂದು ಪಾತ್ರೆಯ ಅಂಚಿನಲ್ಲಿ ಅಂಟಿಕೊಂಡಿದ್ದ ಅಗುಳನ್ನು ಹುಡುಕಿ ತೆಗೆದ. ಹರಿಕಥೆಯಲ್ಲಿ ಈ ಭಾಗ ಬಂದಾಗ ಎಲ್ಲರೂ ಕೈಮುಗಿಯುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ಅನ್ನಿಸುವುದು: ಮಹಾರಾಣಿಯೇ ಆದರೂ ಪಾತ್ರೆ ತೊಳೆಯುವುದು ತಪ್ಪಲಿಲ್ಲ, ದೇವರೇ ಬಂದರೂ 'ಸರಿಯಾಗಿ ತೊಳೆದಿಲ್ಲ' ಎಂದು ತೋರಿಸಿಕೊಡುವುದೂ ತಪ್ಪಲಿಲ್ಲ.

ಹೊರದೇಶದ ಕತೆ ಬೇರೆಯಿರಬಹುದೆಂದುಕೊಂಡಿದ್ದೆ. ಮಗಳು ಹೇಳಿದ್ದನ್ನು ಕೇಳಿದ ಮೇಲೆ ಆ ಭ್ರಮೆಯೂ ಹೋಯಿತು. ಫ್ರಾನ್ಸಿನಲ್ಲಿ ಮಿಶೆಲಿನ್ ಎಂಬ ಟೈರು ಕಂಪನಿಯವರು ಹೋಟೆಲುಗಳಿಗೆ ನಕ್ಷತ್ರ ಕೊಡುತ್ತಾರೆ. ಮೂರು ಬಂದರೆ ಅದೇ ಪರಮಪದ. ಲಿಯೋನ್ ಊರಿನ ಯೂಜೆನಿ ಬ್ರಾಜಿಯೇ ಎಂಬ ಬಡವರ ಮನೆಯ ಹೆಂಗಸು 1933ರಲ್ಲಿಯೇ ತನ್ನ ಎರಡು ಹೋಟೆಲುಗಳಿಗೆ ಮೂರು ಮೂರರಂತೆ ಆರು ನಕ್ಷತ್ರ ಪಡೆದಿದ್ದಳು. 1998ರಲ್ಲಿ ಆಲೆನ್ ಡ್ಯುಕಾಸ್ ಎಂಬಾತನಿಗೆ ಅದೇ ಆರು ನಕ್ಷತ್ರ ಬಂದಾಗ ಜಗತ್ತಿನಲ್ಲೇ ಮೊದಲಿಗನೆಂದು ಹೊಗಳಿದರು. ಅರವತ್ತೈದು ವರ್ಷ ಮೊದಲೇ ಒಬ್ಬಳು ಗಳಿಸಿದ್ದಾಳಲ್ಲ ಎಂದು ಯಾರೋ ನೆನಪಿಸಬೇಕಾಯಿತು. ಅವಳ ಅಡುಗೆಮನೆಯಲ್ಲಿ ಚಾಕರಿ ಮಾಡಿ ಕಲಿತ ಪಾಲ್ ಬೊಕ್ಯೂಸನ ಹೆಸರು ಲೋಕಕ್ಕೆಲ್ಲ ಗೊತ್ತು. ಕಲಿಸಿದವಳ ಹೆಸರು ನನಗೆ ಐವತ್ತು ದಾಟಿದ ಮೇಲೆ ಗೊತ್ತಾಯಿತು. ಕೋಪನ್‌ಹೇಗನ್ನಿನ 'ನೋಮಾ' ಹೋಟೆಲನ್ನು ಜಗತ್ತಿನಲ್ಲಿ ಅತ್ಯುತ್ತಮವೆಂದು ಐದು ಸಲ ಆರಿಸಿದ್ದರು. ಅಲ್ಲಿ ಕೆಲಸ ಕಲಿಯಲು ಬಂದು ದಿನವಿಡೀ ಸೊಪ್ಪು ಬಿಡಿಸಿ ಹೂವಿನ ಎಸಳು ಜೋಡಿಸುತ್ತಿದ್ದ ಹುಡುಗ ಹುಡುಗಿಯರಿಗೆ 2022ರ ತನಕ ಸಂಬಳವೇ ಇರಲಿಲ್ಲವಂತೆ. ಕೊಡಲು ಶುರುಮಾಡಿದ ಕೆಲವೇ ತಿಂಗಳಲ್ಲಿ, 2023ರ ಜನವರಿಯಲ್ಲಿ, ಇನ್ನು ಹೀಗೆ ನಡೆಸುವುದು ಕಷ್ಟ, ಮಾಮೂಲಿ ಹೋಟೆಲಾಗಿ ಮುಂದುವರಿಯುವುದಿಲ್ಲ ಎಂದು ಘೋಷಿಸಿದರು. ಲೆಕ್ಕ ಅರ್ಥವಾಯಿತಲ್ಲ?

ಇನ್ನು ಸ್ಪರ್ಧೆಗಳು. ಗಾರ್ಡನ್ ರಾಮ್ಸೆ ಎಂಬ ಬ್ರಿಟನ್ನಿನವರು 'ಹೆಲ್ಸ್ ಕಿಚನ್' ಎಂಬ ಕಾರ್ಯಕ್ರಮದಲ್ಲಿ ಅಡುಗೆಯವರ ಮುಖಕ್ಕೆ ಮುಖ ಕೊಟ್ಟು ಬೈಯುತ್ತಾರೆ, ತಟ್ಟೆ ಎತ್ತಿ ಕಸಕ್ಕೆಸೆಯುತ್ತಾರೆ. ನಮ್ಮ ಮಗಳ ಸ್ನೇಹಿತೆಯರಿಗೆ ಅದು ತಮಾಷೆ. ನಾನು ಮೇಷ್ಟರ ಕೆಲಸ ಮಾಡುವವಳು. ಲೆಕ್ಕ ತಪ್ಪಿದ ಹುಡುಗನನ್ನು ದಡ್ಡ ಎಂದು ಕರೆದರೂ ನೋಟೀಸು ಬರಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಸರಿಯಾಗಿಯೇ ಮಾಡಿದೆ. ಕಲಿಯುವವನನ್ನು ಹೆದರಿಸಿದರೆ ಕಲಿಯುತ್ತಾನೆ ಎಂಬ ಹಳೆಯ ಮೂಢನಂಬಿಕೆಯನ್ನು ನಾವು ಬಿಡಲು ಎಷ್ಟು ಕಾಲ ಹಿಡಿಯಿತು! ಶಾಲೆಯಿಂದ ಹೊರಹಾಕಿದ ಆ ಬೆತ್ತವನ್ನು ಅಡುಗೆಮನೆಗೆ ಒಯ್ದು ಕೊಟ್ಟು, ಅದಕ್ಕೆ ಚಪ್ಪಾಳೆ ತಟ್ಟುವುದು ಯಾವ ನ್ಯಾಯ?

ನಮ್ಮ ದೇಶದ 'ಮಾಸ್ಟರ್‌ಶೆಫ್' 2010ರಲ್ಲಿ ಶುರುವಾಯಿತು. ಮೊದಲ ವರ್ಷ ಗೆದ್ದವರು ಲಖನೌದ ಪಂಕಜ್ ಭದೌರಿಯಾ. ಶಾಲಾ ಶಿಕ್ಷಕಿ! ಕೆಲಸ ಬಿಟ್ಟು ಸ್ಪರ್ಧೆಗೆ ಬಂದಿದ್ದರು. ಆ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ನಾವು ನಾಲ್ವರು ಮೇಡಂಗಳು ಮೈಸೂರು ಪಾಕು ಹಂಚಿದೆವು. ಆದರೆ ಆಕೆಯ ಅಡುಗೆ ಸವಿದು ತೀರ್ಪು ಹೇಳಿದವರು ಅಕ್ಷಯ್ ಕುಮಾರ್, ಕುನಾಲ್ ಕಪೂರ್, ಅಜಯ್ ಚೋಪ್ರಾ; ಮೂವರೂ ಗಂಡಸರು. ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೇ, ಬೇಯಿಸುವವರು ಒಬ್ಬರು, 'ಹೂಂ, ಪರವಾಗಿಲ್ಲ' ಎನ್ನುವವರು ಇನ್ನೊಬ್ಬರು.

ಹಾಗಾದರೆ ನನಗೆ ಮೆಚ್ಚುಗೆಯಾದವರು ಯಾರೂ ಇಲ್ಲವೇ ಎಂದರೆ, ಇದ್ದಾರೆ. ತರಲಾ ದಲಾಲ್. 1966ರಲ್ಲಿ ಮುಂಬಯಿಯ ತಮ್ಮ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಅಡುಗೆ ಪಾಠ ಶುರುಮಾಡಿದವರು, 1974ರಲ್ಲಿ ಮೊದಲ ಪುಸ್ತಕ ಬರೆದವರು. ಆಮೇಲೆ ನೂರಕ್ಕೂ ಹೆಚ್ಚು ಪುಸ್ತಕ, ಟಿ.ವಿ. ಕಾರ್ಯಕ್ರಮ, 2007ರಲ್ಲಿ ಪದ್ಮಶ್ರೀ. 2013ರಲ್ಲಿ ತೀರಿಕೊಂಡರು. ಅವರು ಟಿ.ವಿ.ಯಲ್ಲಿ ಕಾಣಿಸಿಕೊಂಡಾಗ ಬಿಳಿ ಕೋಟಿಲ್ಲ, ಎತ್ತರದ ಟೋಪಿಯಿಲ್ಲ. ನಮ್ಮ ಚಿಕ್ಕಮ್ಮನೊಬ್ಬರು ಬಂದು ನಿಂತಂತೆ. ಅಳತೆಯನ್ನು ಮುಚ್ಚಿಟ್ಟವರಲ್ಲ. 'ಕೈ ಅಂದಾಜು' ಎಂಬ ನಮ್ಮ ಅತ್ತೆಯರ ಗುಟ್ಟನ್ನು ಚಮಚದ ಲೆಕ್ಕಕ್ಕೆ ಇಳಿಸಿ, ಅತ್ತೆಯಿಲ್ಲದ ಊರಿನಲ್ಲಿ ಸಂಸಾರ ಹೂಡಿದ ಸೊಸೆಯರಿಗೆ ದಾರಿ ಮಾಡಿಕೊಟ್ಟರು.

ಇನ್ನೊಬ್ಬರು ವಿಕಾಸ್ ಖನ್ನಾ. ನ್ಯೂಯಾರ್ಕಿನ 'ಜುನೂನ್' ಹೋಟೆಲಿಗೆ 2011ರಲ್ಲಿ ಆ ಮಿಶೆಲಿನ್ ನಕ್ಷತ್ರ ತಂದವರು, 2024ರಲ್ಲಿ ಅದೇ ಊರಿನಲ್ಲಿ 'ಬಂಗ್ಲೋ' ತೆರೆದವರು. ಬಾಯಿ ಬಿಟ್ಟರೆ ಅಜ್ಜಿಯ ಹೆಸರು ಹೇಳುತ್ತಾರೆ, ಕಲಿತದ್ದು ಅವಳಿಂದ ಎನ್ನುತ್ತಾರೆ. ಅಮೃತಸರದವರು. ಅಲ್ಲಿಯ ಸ್ವರ್ಣಮಂದಿರದ ಲಂಗರಿನಲ್ಲಿ ಕಾರಿನಲ್ಲಿ ಬಂದವರೂ ತೋಳು ಮಡಚಿ ಎಂಜಲು ತಟ್ಟೆ ತೊಳೆಯುತ್ತಾರೆ. ಆ ಊರಿನ ನೀರು ಕುಡಿದವರು ಬೇರೆಯೇ ಇರಬೇಕು.

ಮೂರನೆಯವರು ಟಿ.ವಿ.ಗೆ ಬಂದವರಲ್ಲ. ಬೆಂಗಳೂರಿನ ಎಂ.ಟಿ.ಆರ್. 1924ರಲ್ಲಿ ಶುರುವಾದದ್ದು. ಅದನ್ನು ಬೆಳೆಸಿದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ನೋಡಿಬಂದರು. ಹಾಗೆ ಹೋಗಿ ಬಂದವರು ಅಲ್ಲಿಯ ಕೇಕು ಬಿಸ್ಕತ್ತು ತರುತ್ತಾರೆ. ಮಯ್ಯರು ತಂದದ್ದು ಲೋಟ ತಟ್ಟೆಗಳನ್ನು ಹಬೆಯಲ್ಲಿ ಶುದ್ಧಮಾಡುವ ವ್ಯವಸ್ಥೆಯನ್ನು! ಪಾತ್ರೆ ತೊಳೆಯುವುದನ್ನೇ ಹೋಟೆಲಿನ ಪ್ರತಿಷ್ಠೆ ಮಾಡಿದ ಆ ಪುಣ್ಯಾತ್ಮರಿಗೆ ನನ್ನ ಲೆಕ್ಕದಲ್ಲಿ ಆರು ನಕ್ಷತ್ರ.

"ಗಂಡಸರು ಅಡುಗೆಮನೆಗೆ ಬರುತ್ತಿರುವುದೇ ದೊಡ್ಡದು, ಅದಕ್ಕೂ ಕೊಂಕು ತೆಗೆಯಬೇಡಿ" ಎಂದು ನಮ್ಮ ಗಣಿತದ ಮೇಷ್ಟರು ವಾದಿಸುತ್ತಾರೆ. ಸ್ವಾಮೀ, ಬರಲಿ. ಆದರೆ ಅತಿಥಿಯಾಗಿ ಬರುವುದು ಬೇಡ. ನಮ್ಮ ತಾಯಿ ಒಮ್ಮೆ ಹಲಸಿನಬೀಜದ ಹುಳಿಯ ವಿಧಾನ ಬರೆದು ಒಂದು ವಾರಪತ್ರಿಕೆಗೆ ಕಳಿಸಿದ್ದರು. ಅಚ್ಚಾಯಿತು. ಕೆಳಗೆ ಅಮ್ಮನ ಹೆಸರಿರಲಿಲ್ಲ. 'ಶ್ರೀಮತಿ' ಎಂದು ಬರೆದು ಮುಂದೆ ಅಪ್ಪನ ಹೆಸರಿತ್ತು. ಪತ್ರಿಕೆಯವರ ತಪ್ಪಲ್ಲ, ಅಮ್ಮನೇ ಹಾಗೆ ಸಹಿ ಮಾಡಿದ್ದರು. ಹಲಸಿನಬೀಜದ ಸಿಪ್ಪೆ ಸುಲಿಯುವುದು ಹೇಗೆಂದು ಅಪ್ಪನಿಗೆ ಸಾಯುವತನಕ ತಿಳಿದಿರಲಿಲ್ಲ. ಊರಿನವರೆಲ್ಲ ದಾರಿಯಲ್ಲಿ ನಿಲ್ಲಿಸಿ ಅಪ್ಪನನ್ನೇ ಅಭಿನಂದಿಸಿದರು.

ಇಷ್ಟೆಲ್ಲ ಬೇರೆಯವರ ಮೇಲೆ ಹೇಳಿದೆನಲ್ಲ, ಈಗ ನನ್ನದೊಂದು ಹೇಳಬೇಕು. ಎರಡು ವರ್ಷದ ಹಿಂದೆ ಎಂಟನೇ ತರಗತಿಯಲ್ಲಿ "ದೊಡ್ಡವರಾದ ಮೇಲೆ ಏನಾಗುತ್ತೀರಿ?" ಎಂದು ಕೇಳಿದ್ದೆ. ಒಬ್ಬ ಹುಡುಗ ಎದ್ದು "ಶೆಫ್ ಆಗ್ತೀನಿ ಮಿಸ್" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಹಿಂದಿನ ಬೆಂಚಿನಿಂದ ಇನ್ನೊಬ್ಬ ಒಂದು ಹುಡುಗಿಯ ಕಡೆ ಕೈತೋರಿಸಿ "ಇವರಮ್ಮಾನೂ ಶೆಫ್ಪೇ ಮಿಸ್" ಎಂದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಆ ಹುಡುಗಿಯ ತಾಯಿ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಹುಡುಗಿ ತಲೆ ತಗ್ಗಿಸಿದಳು. ನಾನು ಡಸ್ಟರಿನಿಂದ ಮೇಜು ಕುಟ್ಟಿ "ಸೈಲೆನ್ಸ್" ಎಂದು ವಿಜಯನಗರ ಸಾಮ್ರಾಜ್ಯದ ಪಾಠ ಮುಂದುವರಿಸಿದೆ. ನಗುವುದಕ್ಕೇನಿದೆ ಎಂದು ಅವರನ್ನು ಕೇಳಬೇಕಾಗಿತ್ತು. ಕೇಳಲಿಲ್ಲ. ಆಕೆ ಮಾಡಿದ ಸಾರನ್ನು ಮಕ್ಕಳಿಗೆ ಬಡಿಸುವ ಮುಂಚೆ ನಿಯಮದ ಪ್ರಕಾರ ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕುವವಳು ನಾನೇ. ಎಷ್ಟೋ ವರ್ಷ ಸಹಿ ಹಾಕಿದ್ದೇನೆ. ಆಕೆಯ ಹೆಸರನ್ನು ಕರೆದು ಮಾತಾಡಿಸಿದ್ದು ಅಪರೂಪ. 'ಅಡುಗೆಯವರು' ಎಂದೇ ಅಭ್ಯಾಸ.

ಆ ಮಧ್ಯಾಹ್ನ ಹೋಗಿ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ನಮ್ಮಲ್ಲಿ 180 ಮಕ್ಕಳು, ಮೂವರು ಅಡುಗೆಯವರು. ಆರರಿಂದ ಎಂಟನೇ ತರಗತಿಯ ಮಗುವಿಗೆ ಸರ್ಕಾರದ ಅಳತೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, ಏಳೂವರೆ ಗ್ರಾಂ ಎಣ್ಣೆ. ಎಲ್ಲರಿಗೂ ಅದೇ ಲೆಕ್ಕ ಹಿಡಿದರೆ ದಿನಕ್ಕೆ 27 ಕಿಲೋ ಅಕ್ಕಿ, ಹದಿಮೂರೂವರೆ ಕಿಲೋ ತರಕಾರಿ ಹೆಚ್ಚುವುದು. 2024ರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಎಂದಾದ ಮೇಲೆ ಅದನ್ನು ಬೇಯಿಸಿ ಸುಲಿಯುವುದೂ ಸೇರಿತು. ಟಿ.ವಿ.ಯಲ್ಲಿ 'ಎರಡು ದೊಡ್ಡ ಚಮಚ ಬೆಣ್ಣೆ' ಎಂದು ಸುರಿಯುವವರು ಒಂದು ದಿನ ಬಂದು ತಲೆಗೆ ಏಳೂವರೆ ಗ್ರಾಂ ಎಣ್ಣೆಯಲ್ಲಿ, ಪುಟ್ಟ ಬಟ್ಟಲುಗಳಿಲ್ಲದೆ, ಹನ್ನೆರಡೂವರೆಯ ಗಂಟೆ ಹೊಡೆಯುವುದರೊಳಗೆ 180 ಮಕ್ಕಳು ಮುಖ ಸಿಂಡರಿಸದ ಹಾಗೆ ಸಾರು ಮಾಡಲಿ. ಆಮೇಲೆ ಆ ಹಂಡೆಯೊಳಗೆ ಅರ್ಧ ಇಳಿದು ತಳ ಉಜ್ಜಲಿ. ಅವರಿಗೂ ಬಿಳಿ ಕೋಟು ನಾನೇ ಹೊಲಿಸಿಕೊಡುತ್ತೇನೆ. 2009ರಲ್ಲಿ ಕೇಂದ್ರ ಸರ್ಕಾರ ಇಂಥವರಿಗೆ ಗೊತ್ತುಮಾಡಿದ ಗೌರವಧನ ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ರಾಜ್ಯದವರು ಅದಕ್ಕೆ ಆಗಾಗ ಸೇರಿಸುತ್ತ ಬಂದಿದ್ದಾರೆ, ಪ್ರತಿ ಸಲವೂ ಇವರು ಬೀದಿಗಿಳಿದ ಮೇಲೆ. ಸಂಬಳ ಎನ್ನುವಂತಿಲ್ಲ, ಗೌರವಧನ. ಧನವಂತೂ ಅಷ್ಟು. ಗೌರವ ಎಷ್ಟೆಂಬುದು ಎಂಟನೇ ತರಗತಿಯಲ್ಲಿ ಗೊತ್ತಾಗಿತ್ತಲ್ಲ.

ಹೋದ ಮಳೆಗಾಲದಲ್ಲಿ ಆಕೆಯ ಮುಂಗೈಗೆ ಕುದಿಯುವ ಸಾರು ಬಿತ್ತು. ಮಾರನೆಯ ದಿನ ಬಟ್ಟೆ ಸುತ್ತಿಕೊಂಡು ಬಂದಿದ್ದರು. "ರಜ ತಗೊಳ್ಳಬಾರದಾಗಿತ್ತೇ?" ಎಂದೆ. "ರಜ ಯಾರು ಕೊಡ್ತಾರೆ ಮೇಡಂ? ನನ್ನ ಬದಲು ಆಳು ನಾನೇ ಕಳಿಸಬೇಕು, ಆಳಿಗೆ ನಾನೇ ಕೂಲಿ ಕೊಡಬೇಕು" ಎಂದರು. ಈ ಲೇಖನದಲ್ಲಿ ನಿಮ್ಮ ಹೆಸರು ಹಾಕಲೇ ಎಂದೂ ಕೇಳಿದ್ದೆ. "ಬ್ಯಾಡಿ ಮೇಡಂ. ಪುಸ್ತಕದಾಗೆ ಬಂದ್ರೆ ಆಮೇಲೆ ಆಫೀಸಿನೋರು ಕರೆದು ಕೇಳ್ತಾರೆ." ಸಂಜೀವ್ ಕಪೂರರ ಹೆಸರನ್ನು ಧಾರಾಳವಾಗಿ ಬರೆದೆ, ಇವರ ಹೆಸರನ್ನು ಬರೆಯುವ ಹಾಗಿಲ್ಲ.

ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೆ ಇಲ್ಲಿ ಸೇವೆ ಸಲ್ಲಿಸಿದ ಮುಖ್ಯೋಪಾಧ್ಯಾಯರ ಪಟ್ಟಿಯನ್ನು ಬಣ್ಣದಲ್ಲಿ ಬರೆಸಿದ್ದಾರೆ, ಕಟ್ಟಡಕ್ಕೆ ದಾನ ಕೊಟ್ಟವರದನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಊಟದ ಹಾಲ್‌ನ ಗೋಡೆಯ ಮೇಲೆ ಅಡುಗೆಯವರ ಹೆಸರನ್ನೂ ಬರೆಸೋಣ ಎಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಹೇಳಿದೆ. ಮೂವರ ಹೆಸರು, ಮೂರು ಸಾಲು, ಇನ್ನೂರು ರೂಪಾಯಿಯ ಬಣ್ಣ. ಹಾಗೆ ಬರೆಸಲು ಸುತ್ತೋಲೆಯಿಲ್ಲ ಎಂದು ಸದಸ್ಯರೊಬ್ಬರು ಹೇಳಿದರು. ಬರೆಸಬಾರದೆಂದೂ ಸುತ್ತೋಲೆಯಿಲ್ಲ ಎಂದೆ. ಮುಂದಿನ ಸಭೆಗೆ ಇಡಲಾಯಿತು. ಮುಂದಿನ ಸಭೆಯಲ್ಲಿ ಶೌಚಾಲಯದ ವಿಷಯ ಬಂತು, ಇದು ಹಿಂದೆ ಬಿತ್ತು.

ಗೋಡೆಗೆ ಅನುಮತಿ ಬೇಕು, ಕಪ್ಪು ಹಲಗೆಗೆ ಬೇಡವಲ್ಲ. ಸ್ಟೋರ್ ರೂಮಿನಲ್ಲಿದ್ದ ಹಳೆಯ ಹಲಗೆಯೊಂದನ್ನು ಊಟದ ಹಾಲ್‌ನ ಬಾಗಿಲಲ್ಲಿ ಒರಗಿಸಿದೆ. ದಿನವೂ ಬೆಳಿಗ್ಗೆ ಬರೆಯುತ್ತೇನೆ: 'ಇಂದಿನ ಊಟ: ಅನ್ನ, ನುಗ್ಗೆಸೊಪ್ಪಿನ ಸಾರು, ಮೊಟ್ಟೆ.' ಅದರ ಕೆಳಗೆ 'ಅಡುಗೆ ಮಾಡಿದವರು' ಎಂದು ಮೂರು ಹೆಸರು. ಮೊದಲ ವಾರ ಯಾರೋ ಎರಡು ಸಲ ಅಳಿಸಿದರು. ಮತ್ತೆ ಬರೆದೆ.

ಕಳೆದ ಶುಕ್ರವಾರ ಬಸ್ಸು ತಡವಾಗಿ ಹತ್ತು ನಿಮಿಷ ತಡವಾಗಿ ಶಾಲೆಗೆ ಹೋದೆ. ಹಲಗೆ ಆಗಲೇ ತುಂಬಿತ್ತು. ಈಗ ಹತ್ತನೇ ತರಗತಿಯಲ್ಲಿರುವ ಆ ಹುಡುಗಿಯ ಅಕ್ಷರ. ಇಂದಿನ ಊಟ, ಅಡುಗೆ ಮಾಡಿದವರು, ಮೂರು ಹೆಸರು, ಮೂರಕ್ಕೂ ಇನಿಷಿಯಲ್ ಸಮೇತ. ಕೆಳಗೆ ಇನ್ನೊಂದು ಸಾಲನ್ನು ತಾನೇ ಸೇರಿಸಿದ್ದಳು: 'ಪಾತ್ರೆ ತೊಳದವರು', ಮತ್ತೆ ಅದೇ ಮೂರು ಹೆಸರು. 'ತೊಳೆದವರು' ಎಂದಾಗಬೇಕು. ಸೀಮೆಸುಣ್ಣ ತೆಗೆದುಕೊಂಡು ಏತ್ವ ಹಾಕಿದೆ.